ತಂಗಿಯ ಬೂಟುಗಳು

ಓದುಗರ ಆಕ್ಷೇಪಕ್ಕೆ ತಕ್ಕಂತೆ ಪುಸ್ತಕಗಳು ತಮ್ಮನ್ನು ತಾವೇ ತಿದ್ದಿಕೊಳ್ಳತೊಡಗಿದ ಮೇಲೆ, ಬ್ರಿಟಿಷ್ ರಾಣಿಯ ಕಾಲದ ಒಂದು ಇಂಗ್ಲಿಷ್ ಮಹಾಕಾದಂಬರಿ ಧಾರವಾಡದ ವಾಚನಾಲಯದಲ್ಲಿ ಪಂಚಾಂಗದಷ್ಟು ತೆಳ್ಳಗಾಗಿತ್ತು. ಬಾಲ್ಯ ಉದ್ದವಾಯಿತೆಂದು ಎಲ್ಲರೂ ದೂರಿದ್ದರಿಂದ, ಮೊದಲ ಪುಟದ ಶಿಶು ಮೂರನೆಯ ಪುಟದಲ್ಲೇ ಮೀಸೆ ತಿರುವುತ್ತಿದ್ದ. ನಡುವೆ ಉಳಿದದ್ದು ಒಂದೇ ಪುಟ: ತಂಗಿಯನ್ನು ಮಣ್ಣುಮಾಡಿ ಬಂದ ಹುಡುಗ ಅವಳ ಬೂಟುಗಳನ್ನು ಒರೆಸಿ ಬಾಗಿಲ ಬಳಿ ಇಡುವುದು. ಅದನ್ನು ಉಳಿಸಿಕೊಳ್ಳಲೆಂದೇ ನಿವೃತ್ತ ಮಾಸ್ತರ ವಿರೂಪಾಕ್ಷಯ್ಯನವರು ಬಂದಿದ್ದರು.

“‘ಬೂಟು ಒರಸೂದರಾಗ ಕಥಿ ಎಲ್ಲ್ಯದ’ ಅಂತ ನಿನ್ನೆ ಒಬ್ಬರು ಅಂದು ಹೋಗ್ಯಾರ ಸರ,” ಎಂದಳು ಗ್ರಂಥಪಾಲಕಿ ಇಂದುಮತಿ. “ನೀವು ಓದ್ರಿ. ನಿಮಗ ಹಿಡಿಸಿದ್ರ ಪುಸ್ತಕಕ್ಕ ತಾನ ತಿಳೀತದ.”

ಮಾಸ್ತರರು ಓದಿದರು. ತರಗತಿಯಲ್ಲಿ ವರ್ಷವರ್ಷವೂ ಒಣಗಣ್ಣಿನಿಂದ ಪಾಠ ಹೇಳಿದ್ದ ಪುಟವೇ. ಇಂದು ಅದು ಕಾಣೆಯಾದೀತೆಂಬ ಭಯಕ್ಕೆ ಕಣ್ಣು ತುಂಬಿ, ಒಂದು ಹನಿ ಹಾಳೆಯ ಮೇಲೆ ಬಿತ್ತು.

“ತಮ್ಮನ್ನು ನೋಯಿಸಿದ್ದಕ್ಕೆ ಕ್ಷಮೆಯಿರಲಿ,” ಎಂದು ಪುಸ್ತಕ ಅತ್ಯಂತ ವಿನಯದಿಂದ ನುಡಿಯಿತು. ಅಕ್ಷರಗಳು ಸರಿದಾಡಿದವು. ತಂಗಿ ಗುಣಮುಖಳಾಗಿ ಬಿಸ್ಕತ್ತು ತಿನ್ನುತ್ತಿದ್ದಳು.

“ಛಲೋ ಆತಲ್ರಿ,” ಎಂದಳು ಇಂದುಮತಿ. “ಪಾಪ, ಬದುಕಿತು ಹುಡುಗಿ.”

ಬದುಕಿದವಳ ಮೇಲೆ ಸಿಟ್ಟಾಗಲು ಮಾಸ್ತರರಿಗೆ ಮನಸ್ಸು ಬರಲಿಲ್ಲ. ಅವಳಿಗಾಗಿ ಅಳಲು ಇನ್ನು ಕಾರಣವೂ ಇರಲಿಲ್ಲ.