ಪಾಣಿ ಕಪಾತಿನ ಹುಡುಗಿ

"ಅದೊಂದು ಫೋಟೋ ಪ್ರದರ್ಶನದಾಗ ಇಡಬ್ಯಾಡ" ಎಂದು ಪ್ರಿಯಂವದಾ ಮತ್ತೆ ಫೋನ್ ಮಾಡಿದಾಗ ಅದ್ವೈತ್ ಮಾತು ಬೆಳೆಸಲಿಲ್ಲ. ಅದೇ ಫೋಟೋವನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅವಳ ಮನೆಗೆ ಹೊರಟ. ಎದುರಿಗೆ ಬಿಡಿಸಿ ತೋರಿಸಿದರೆ ಒಪ್ಪಿಯಾಳು ಎಂಬ ಆಸೆ. ಒಪ್ಪದಿದ್ದರೆ ನಾಸಿಕ್‌ನ ಅವನ ಪ್ರದರ್ಶನದಲ್ಲಿ ಉಳಿಯುವುದು ವೈರುಗಳ ಮತ್ತು ಹುಡುಗರ ಬೆನ್ನುಗಳ ಫೋಟೋಗಳಷ್ಟೇ.

ಸಂಭಾಜಿನಗರದಲ್ಲಿ ಪಂಕ್ ರಾಕ್ ಎಂಬ ಅಬ್ಬರದ ಸಂಗೀತ ಶುರುವಾದಾಗ ಕೇಳಲು ಬರುತ್ತಿದ್ದವರು ಒಂದು ಟೆಂಪೋದಲ್ಲಿ ಹಿಡಿಸುವಷ್ಟು ಜನ. ಅವರಲ್ಲಿ ಕ್ಯಾಮೆರಾ ಇದ್ದವನು ಅದ್ವೈತ್ ಒಬ್ಬನೇ. ಚಿಕಲಠಾಣಾದ ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ 'ಪಾಣಿ ಕಪಾತ್' ಎಂಬ ಬ್ಯಾಂಡ್ ಹಾಡುತ್ತಿತ್ತು. ಮರಾಠಿಯಲ್ಲಿ ಹಾಗೆಂದರೆ ನೀರು ಕಡಿತ. ಹಾಡುವವಳು ಪ್ರಿಯಂವದಾ. ಮನೆಯವರ ತಿಳಿವಳಿಕೆಯಲ್ಲಿ ಅವಳು ಆ ಹೊತ್ತಿಗೆ ಟ್ಯಾಲಿ ಕ್ಲಾಸಿನಲ್ಲಿರುತ್ತಿದ್ದಳು. ಈಗ ಬ್ಯಾಂಡ್ ಇಲ್ಲ. ಬ್ಯಾಂಕಿನಲ್ಲಿರುವ ಅವಳ ತಂದೆ ಮನ್ಮಥಪ್ಪನವರಿಗೆ ನಾಸಿಕ್‌ಗೆ ವರ್ಗವಾಗಿ, ಮನೆಮಂದಿಯೆಲ್ಲ ಇಲ್ಲಿಗೆ ಬಂದಿದ್ದಾರೆ. ಪ್ರದರ್ಶನದ ಹಾಲ್ ಇರುವುದು ಸರಿಯಾಗಿ ಅವರ ಬ್ಯಾಂಕಿನ ಎದುರಿಗೆ.

ಆ ಶನಿವಾರ ಬ್ಯಾಂಕಿಗೆ ರಜೆ ಎಂಬುದು ಅದ್ವೈತ್‌ಗೆ ನೆನಪಿರಲಿಲ್ಲ. ಬಾಗಿಲು ತೆರೆದವರು ಮನ್ಮಥಪ್ಪನವರೇ.

"ನೀವು ಟ್ಯಾಲಿ ಕ್ಲಾಸಿನವ್ರಲ್ಲೇನ್ರಿ?"

"ಹೌದ್ರಿ ಕಾಕಾ."

ಅವರ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪ್ರಿಯಂವದಾ ಕಣ್ಣಿನಲ್ಲೇ 'ಹೋಗು' ಎಂದಳು. ತಡವಾಗಿತ್ತು.

"ಕೈಯಾಗೇನದು?"

"ಫೋಟೋ ರಿ."

"ತರ್ರಿ, ನೋಡೋಣು." ಮನ್ಮಥಪ್ಪನವರು ಕೌಂಟರಿನಲ್ಲಿ ಕೂತವರಂತೆ ಕೈ ಚಾಚಿದರು. ಸುರುಳಿಯನ್ನು ಟೀಪಾಯಿಯ ಮೇಲೆ ಹರಡಿ, ಒಂದು ಮೂಲೆಗೆ ಕನ್ನಡಕದ ಡಬ್ಬಿ, ಇನ್ನೊಂದಕ್ಕೆ ಅಡಕೆ ಡಬ್ಬಿ ಇಟ್ಟರು.

ಫೋಟೋದಲ್ಲಿ ಮೈಕ್ ಕಚ್ಚಿ ತಿನ್ನುವವಳಂತೆ ಒಬ್ಬ ಹುಡುಗಿ ಬಾಯಿ ತೆರೆದಿದ್ದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು, ಕಾಡಿಗೆ ಕೆನ್ನೆಯವರೆಗೆ ಇಳಿದಿತ್ತು. ಮುಂದಿನ ಹಲ್ಲೊಂದು ಅರ್ಧ ಮುರಿದು ಗದ್ದದ ಮೇಲೆ ರಕ್ತವಿತ್ತು. ಅದು ಅವಳ ಗಮನಕ್ಕೆ ಬಂದಂತೆ ಕಾಣುತ್ತಿರಲಿಲ್ಲ.

ಮನ್ಮಥಪ್ಪನವರು ಫೋಟೋ ನೋಡಿದರು. ಮಗಳನ್ನು ನೋಡಿದರು. ಚೆಕ್ಕಿನ ಸಹಿ ತಾಳೆ ನೋಡುವಂತೆ ಮತ್ತೆ ಫೋಟೋ ನೋಡಿದರು. ಒಳಗೆ ಕುಕ್ಕರ್ ಕೂಗಿತು. ಯಾರೂ ಅತ್ತ ಹೋಗಲಿಲ್ಲ.

"ಏನಂತ ಒದರಾಕತ್ತಿ ಇಲ್ಲಿ?"

ಪ್ರಿಯಂವದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಳಕ್ಕ ನೀರು ಯಾವಾಗ ಬರ್ತೈತಿ ಅಂತ, ಅಪ್ಪಾ."

"ಮುಂದ?"

"ಮುಂದೇನಿಲ್ಲ. ಅದನ್ನ ಮತ್ತ ಮತ್ತ ಅನ್ನೂದು."

ಸಂಭಾಜಿನಗರದಲ್ಲಿದ್ದಷ್ಟು ದಿನ ಮನ್ಮಥಪ್ಪನವರು ನೀರು ಬಿಡುವ ದಿನ ಬ್ಯಾಂಕಿಗೆ ತಡವಾಗಿ ಹೋದವರು. ವಾರಗಟ್ಟಲೆ ಡ್ರಮ್ಮಿನ ತಳ ನೋಡಿದವರು. ಅವರು ಕೇಳಿದರು, "ಯಾರರ ಉತ್ತರಾ ಕೊಟ್ರೇನು?"

"ಇಲ್ಲ."

ಹೆಡ್ಡಾಫೀಸಿನಿಂದ ನಿರೀಕ್ಷಿಸಿದ ಜವಾಬೇ ಬಂದಂತೆ ಅವರು ತಲೆಯಾಡಿಸಿದರು.

ಅದ್ವೈತ್ ಧೈರ್ಯ ಮಾಡಿದ. "ಕಾಕಾ, ಪ್ರದರ್ಶನದಾಗ ಇದನ್ನ ಇಡಬ್ಯಾಡ ಅಂತಾಳ್ರಿ. ನಿಮ್ಮ ಸಲುವಾಗಿ."

"ನನ್ನ ಸಲುವಾಗಿ ಬ್ಯಾಡ ಅನಬ್ಯಾಡ" ಎಂದು ಮನ್ಮಥಪ್ಪನವರು ಮಗಳಿಗೆ ಹೇಳಿದರು. "ನಿನಗ ಬ್ಯಾಡಿದ್ರ ಬ್ಯಾಡ ಅನ್ನು."

ಪ್ರಿಯಂವದಾ ಹತ್ತಿರ ಬಂದಳು. ಫೋನಿನಲ್ಲಿ ಬೆರಳಷ್ಟು ದೊಡ್ಡದಾಗಿ ನೋಡಿದ್ದಳೇ ಹೊರತು ಆ ಮುಖವನ್ನು ಇಷ್ಟು ದೊಡ್ಡದಾಗಿ ಅವಳು ನೋಡಿರಲಿಲ್ಲ. ತನಗಿಂತ ಚಿಕ್ಕವಳೊಬ್ಬಳನ್ನು ನೋಡುವಂತೆ ಬಗ್ಗಿ ನೋಡಿದಳು. ಈಗ ಅವಳು ದಿನವಿಡೀ ಒಂದು ಆಫೀಸಿನಲ್ಲಿ ಕೂತು ಫೋನಿನಲ್ಲಿ ಜನರ ಸಿಟ್ಟಿಗೆ "ಸಾರಿ ಸರ್" ಎನ್ನುವ ಕೆಲಸ ಮಾಡುತ್ತಾಳೆ. ಅವಳ ದನಿ ತಗ್ಗಿದೆ ಎಂದು ಮೇಲಿನವರು ಮೆಚ್ಚಿದ್ದಾರೆ.

"ಇಡು" ಎಂದಳು ಅದ್ವೈತ್‌ಗೆ. "ಕೆಳಗ ಪೂರ್ತಿ ಹೆಸರು ಹಾಕು."

"ಪೂರ್ತಿ ಅಂದ್ರ ಇಲ್ಲಿ ಪದ್ಧತಿ ಹಂಗ ನಡುವ ಕಾಕಾರ ಹೆಸರೂ ಬರ್ತೈತಿ."

ಇಬ್ಬರೂ ಮನ್ಮಥಪ್ಪನವರತ್ತ ನೋಡಿದರು.

"ಸ್ಪೆಲಿಂಗ್ ನೋಡಿ ಬರೀರಿ" ಎಂದರು ಅವರು. "ಈ ಕಡೆ ಮಂದಿ ಯಾವಾಗಲೂ ತಪ್ಪ ಬರೀತಾರ."

ಪ್ರಿಯಂವದಾ ಚಹಾ ಮಾಡಲು ಒಳಗೆ ಹೋದಳು. ಪಾತ್ರೆಗಳ ಸದ್ದು ಅಗತ್ಯಕ್ಕಿಂತ ಜೋರಾಗಿ ಕೇಳಿತು. ಮನ್ಮಥಪ್ಪನವರು ಕುರ್ಚಿಯನ್ನು ಮುಂದಕ್ಕೆಳೆದು ಫೋಟೋದ ಮೇಲೆ ಬಗ್ಗಿದರು. ಮುರಿದ ಹಲ್ಲಿನ ಮೇಲೆ ಬೆರಳಿಟ್ಟರು.

"ಇದು ಅವತ್ತೇ ಮುರೀತೇನು?"

"ಹೌದ್ರಿ. ಮೈಕ್ ಬಡೀತು. ಆದ್ರೂ ಹಾಡು ನಿಲ್ಲಿಸಲಿಲ್ರಿ."

ಮನ್ಮಥಪ್ಪನವರು ಬೆರಳು ತೆಗೆಯಲಿಲ್ಲ. "ಸ್ಕೂಟಿಯಿಂದ ಬಿದ್ದೆ ಅಂದ್ಲು ಮನಿಯಾಗ. ಬ್ರೇಕು ಸರಿ ಇಲ್ಲಂತ ತಿಳದು ಮರುದಿನ ಮಾರಿಬಿಟ್ಟೆ."

ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಭಾಳ ಛಲೋ ಗಾಡಿ ಇತ್ರಿ ಅದು."