ಹಸಿ ಸುಣ್ಣ

ವಿಶ್ವವಿದ್ಯಾಲಯದಲ್ಲಿ ಕವಿತೆ ಕಲಿಸುವ ನನಗೆ ಗೋಡೆಗೆ ಬಳಿದ ಹಸಿ ಸುಣ್ಣದ ವಾಸನೆ ಬಂದರೆ ಇಂದಿಗೂ ಕಣ್ಣು ಅದರಡಿ ಅಕ್ಷರ ಹುಡುಕುತ್ತದೆ.

ಎಪ್ಪತ್ತರ ದಶಕ, ಇಂಡಿ ಊರಿನ ನಮ್ಮ ಮನೆ. ಶಾಲೆ ಬಿಡಿಸಿದ ಮೇಲೆ ಅಕ್ಕ ಅಂಗಳದ ಗೋಡೆಯ ಮೇಲೆ ಇದ್ದಿಲಿನಿಂದ ಕವಿತೆ ಬರೆಯುತ್ತಿದ್ದಳು. ಒಂದು ಮಧ್ಯಾಹ್ನ ಅವ್ವ ಸುಣ್ಣದ ಬಕೀಟನ್ನು ಅವಳ ಮುಂದಿಟ್ಟಳು.

"ನಾಳೆ ಸಿಂದಗಿಯಿಂದ ನಿನ್ನ ನೋಡಾಕ ಬರ್ತಾರ. ಇದನ್ನ ಓದಿದ್ರ ವಲ್ಲೆ ಅಂತಾರ."

ಅಕ್ಕ ತನ್ನ ಸಾಲುಗಳ ಮೇಲೆ ತಾನೇ ಕುಂಚ ಎಳೆದಳು. ಸುಣ್ಣ ಕಡಿದು ಬೆರಳು ಕೆಂಪಾದವು. ಹಸಿ ಸುಣ್ಣದ ಅಡಿಯಲ್ಲಿ ಅಕ್ಷರಗಳಿನ್ನೂ ಕಾಣುತ್ತಿದ್ದವು.

"ಒಣಗಿದ್ರ ಕಾಣಂಗಿಲ್ಲ. ನೀ ಲಗೂನ ಓದಿ ನೆನಪಿಟ್ಕೋ, ತಮ್ಮಾ."

ನಾನಾಗ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಬಿಸಿಲು ಜೋರಿತ್ತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಗೋಡೆ ಬೆಳ್ಳಗಾಗಿತ್ತು.