ಪರ, ವಿರೋಧ, ಒಂದೇ ಕಾರು

ಕಾರಿನಲ್ಲಿ ಮಸೂದೆಯ ವಿರೋಧಿ ಸ್ಟಿಯರಿಂಗ್ ಹಿಡಿದಿದ್ದ. ಮಸೂದೆಯ ಪರವಾದವಳು ಪಕ್ಕದಲ್ಲಿ ಕೂತು ಅವನಿಗೆ ಗಸಗಸೆ ಹೂರಣದ ಕೊಲಾಚಿ ಬನ್ನು ಮುರಿದು ಕೊಡುತ್ತಿದ್ದಳು. ಅಮೆರಿಕದ ನೆಬ್ರಾಸ್ಕ ರಾಜ್ಯದ ಪಶ್ಚಿಮದ ತುದಿಯ ಸ್ಯಾಂಡ್‌ಬರ್ ಕೌಂಟಿಯಿಂದ ರಾಜಧಾನಿ ಲಿಂಕನ್‌ಗೆ ದೂರದ ದಾರಿ, ಮೇಲೆ ಹಿಮ. ಲವಾನ್ ಕುಬಿಚೆಕ್‌ಳ ಹಳೇ ಪಿಕಪ್ ಅಷ್ಟು ದೂರ ಓಡುವ ಸ್ಥಿತಿಯಲ್ಲಿರಲಿಲ್ಲ. ಆರಿನ್ ಥೀಸನ್ ಅವಳ ಜೊತೆ ಶಾಲೆಗೆ ಹೋದವನು. ನನ್ನ ಜೊತೆ ಬಾ ಅಂದಿದ್ದ.

ಆರಿನ್ ಕೌಂಟಿಯ, ಅಂದರೆ ಜಿಲ್ಲಾಡಳಿತದ, ನೌಕರ. ಚಳಿಗಾಲದಲ್ಲಿ ರಾಜ್ಯದ ಶಾಸನಸಭೆ ಕೂತಿತೆಂದರೆ ಬಂದ ಮಸೂದೆಗಳನ್ನೆಲ್ಲ ಓದಿ, ಯಾವುದು ಕೌಂಟಿಯ ಜೇಬಿಗೆ ಕೈ ಹಾಕುತ್ತದೆಂದು ಮೂಸಿ, ಸಮಿತಿಯ ಮುಂದೆ ಹೋಗಿ ಬೇಡ ಎನ್ನುವುದು ಅವನ ಕೆಲಸ. "ಅವರು ಮಸೂದೆ ಬರೀತಾರೆ, ಬಿಲ್ ನಮಗೆ ಬರುತ್ತೆ" ಎಂಬುದು ಅವನ ಹಳಸಿದ ಜೋಕು. ಈ ಸಲದ್ದು, ಪ್ರತಿ ಕೌಂಟಿ ಜೈಲಿನಲ್ಲೂ ರಾತ್ರಿ ಪಾಳಿಗೆ ಒಬ್ಬ ನರ್ಸ್ ಇರಲೇಬೇಕು ಎಂಬ ಮಸೂದೆ. ಲವಾನ್‌ಳ ತಮ್ಮ ಮಿಲೋ ಸಕ್ಕರೆ ಕಾಯಿಲೆಯವನು. ಕುಡಿದು ಗಲಾಟೆ ಮಾಡಿ ಒಳಗೆ ಹೋದವನು ಇನ್ಸುಲಿನ್ ಇಲ್ಲದೆ ಸ್ಯಾಂಡ್‌ಬರ್ ಜೈಲಿನಲ್ಲೇ ಸತ್ತಿದ್ದ. ಆದರೆ ನರ್ಸಿಗೆ ಸಂಬಳ ಕೊಡಬೇಕಾದದ್ದು ಕೌಂಟಿಯೇ. ಕೊಟ್ಟರೆ ರಸ್ತೆಯ ಹಿಮ ತೆಗೆಯುವವರಲ್ಲಿ ಇಬ್ಬರನ್ನು ಮನೆಗೆ ಕಳಿಸಬೇಕು. ಅದೂ ಸುಳ್ಳಲ್ಲ.

ದಾರಿಯಲ್ಲಿ ಲವಾನ್ ಸಮಿತಿಯ ಮುಂದೆ ಮಾತಾಡಲು ತನಗೆ ಭಯವಾಗುತ್ತಿದೆ ಎಂದಳು. ಆರಿನ್ ತಕ್ಷಣ ಸಮಿತಿಯ ಅಧ್ಯಕ್ಷ ಬ್ರಾಂಡ್‌ವೋಲ್ಡ್ ಆಗಿಬಿಟ್ಟ. ಇಲ್ಲದ ಕನ್ನಡಕವನ್ನು ಹಣೆಗೇರಿಸಿ, ಮೂಗಿನಲ್ಲೇ ರಾಗ ಎಳೆದ: "ಏನಮ್ಮಾ, ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ ಹೇಳಿ. ನಿಮ್ಮ ತಮ್ಮ ಕುಡಿದಿದ್ನಂತಲ್ಲ?"

ನಗುತ್ತಿದ್ದ ಲವಾನ್ ಕೈಯಲ್ಲಿದ್ದ ಕೊಲಾಚಿಯನ್ನು ಮಡಿಲಿಗಿಟ್ಟಳು.

"ಅದನ್ನ ಕೇಳೇ ಕೇಳ್ತಾನೆ," ಆರಿನ್ ತನ್ನ ದನಿಗೆ ಮರಳಿದ. "ಅಳಬೇಡ. ಹೌದು, ಕುಡಿದಿದ್ದ, ಅದಕ್ಕೆ ಮರಣದಂಡನೆ ಇಲ್ವಲ್ಲ ಅನ್ನು."

"ನನ್ನ ಮಸೂದೆ ಗೆಲ್ಲಿಸೋಕೆ ನಿಂಗೆ ಸಂಬಳ ಕೊಡ್ತಾರೇನೋ?"

"ತಲೆಹರಟೆ ಬಿಟ್ಟು ಆ ಉತ್ತರ ಇನ್ನೊಂದು ಸಲ ಹೇಳು."

ಅವಳು ಹೇಳಿದಳು. ನೀನೇನು ಹೇಳುತ್ತೀ ಎಂದು ಅವಳು ಕೇಳಿದ್ದಕ್ಕೆ, ಬರೀ ಲೆಕ್ಕ, ಕೇಳಿದರೆ ನಿದ್ದೆ ಬರುತ್ತೆ ಎಂದ. ಇಂಥ ಸಾವು ಅಪರೂಪ, ಅದಕ್ಕೆಲ್ಲ ಕಾನೂನು ಬೇಕಿಲ್ಲ ಎಂದು ಒತ್ತಿ ಹೇಳಲು ಕೌಂಟಿಯನ್ನು ನಡೆಸುವ ಕಮಿಷನರುಗಳು ತಾಕೀತು ಮಾಡಿದ್ದನ್ನು ಮಾತ್ರ ನುಂಗಿಕೊಂಡ.

ಸಮಿತಿಯಲ್ಲಿ ಮೊದಲು ಪರ, ಆಮೇಲೆ ವಿರೋಧ. ಅಧ್ಯಕ್ಷ ಅದೇ ಪ್ರಶ್ನೆ ಕೇಳಿದ. ಲವಾನ್ ಅಳದೆ ಉತ್ತರ ಹೇಳಿದಳು. ಕೋಣೆಯಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಅವಳು ತನ್ನ ಜಾಗಕ್ಕೆ ಬಂದು ಕೂತ ಮೇಲೆ ಆರಿನ್ ಹೋದ. ಖರ್ಚಿನ ಲೆಕ್ಕ ಒಪ್ಪಿಸಿದ, ಕೌಂಟಿಯ ವಿರೋಧವಿದೆ ಎಂದ, ಕೊನೆಗೆ ಇಂಥ ಸಾವು ಅಪರೂಪ ಎಂಬ ಆ ಮಾತನ್ನೂ ಆಡಿದ.

"ಅಪರೂಪ ಅಂದ್ರೆ, ನಿಮ್ಮ ಜೈಲಲ್ಲಿ ಎಷ್ಟು ಜನ ಸತ್ತಿದಾರೆ, ಥೀಸನ್ ಅವರೇ?" ಅಧ್ಯಕ್ಷ ಕೇಳಿದ.

ಆರಿನ್ ಹಿಂದಿರುಗಿ ನೋಡಲಿಲ್ಲ. "ಒಬ್ಬ, ಸರ್. ಅವನ ಅಕ್ಕ ನನ್ನ ಹಿಂದೆ ಕೂತಿದಾಳೆ. ವಾಪಸ್ ಅವಳನ್ನ ಮನೆಗೆ ನಾನೇ ಬಿಡ್ಬೇಕು."

ಅಧ್ಯಕ್ಷ ಮುಂದಿನವರನ್ನು ಕರೆದ. ಅವನು ಎದ್ದು ಬಂದಾಗ, ತನ್ನ ಪಕ್ಕದಲ್ಲಿದ್ದ ಅವನ ಕುರ್ಚಿಯ ಮೇಲೆ ಲವಾನ್ ತನ್ನ ಕೋಟು ಇಟ್ಟಿದ್ದಳು. ಅವಳು ಅದನ್ನು ತೆಗೆಯಲಿಲ್ಲ, ತೆಗೆ ಎಂದು ಅವನೂ ಅನ್ನಲಿಲ್ಲ. ಕಾರಿನ ಕೀ ಹಿಡಿದು, ಅವಳಿಗೆ ಕಾಯುತ್ತ ಬಾಗಿಲ ಹತ್ತಿರ ನಿಂತುಕೊಂಡ.